ಹತ್ತು ಹಳೆಯ ಹಾಡು, ಒಂದು ಪಿಟೀಲು

ಅಮೆರಿಕದ ನ್ಯಾಶ್‌ವಿಲ್ ನಗರದ ದಕ್ಷಿಣದ ಹೊರವಲಯದಲ್ಲಿ, ನಮ್ಮ ಮನೆಯ ಪಕ್ಕದಲ್ಲೇ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ. ಹದಿನಾಲ್ಕು ವರ್ಷಗಳಿಂದ ನಾವು ಬೇಲಿಯ ಎರಡು ಬದಿಗೆ ನಿಂತು ಟೊಮೆಟೊ ಗಿಡ, ಹಿಮ, ಆಸ್ತಿ ತೆರಿಗೆಗಳ ವಿಚಾರ ಮಾತನಾಡುತ್ತ ಬಂದವರು. ಸಂಜೆ ಜಗಲಿಯಲ್ಲಿ ಕುಳಿತು ಗಿಟಾರಿನೊಂದಿಗೆ ಅವರು ಹಾಡುವ, ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ಕಂಟ್ರಿಯ ಹಳೆಯ ಹಾಡುಗಳು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿದ್ದವು. ಬೆಳಿಗ್ಗೆ ನಾನು ಪಿಟೀಲಿನಲ್ಲಿ ಸಾಧನೆ ಮಾಡುವ ವರ್ಣಗಳು ಅವರ ಕಿಟಕಿಗೆ ಕೇಳಿಸುತ್ತಿದ್ದವು. ಆದರೂ ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. 2024ರ ಫೆಬ್ರವರಿಯಲ್ಲಿ ಅವರು ಮನೆಗೇ ಬಂದು, ಎಪ್ಪತ್ತಮೂರು ವರ್ಷದ ತಮ್ಮ ದನಿ ಒಡೆಯತೊಡಗಿದೆಯೆಂದೂ ಅದು ಪೂರ್ತಿ ಕೈಕೊಡುವ ಮೊದಲು ತಾವು ಕೇಳಿ ಬೆಳೆದ ಹಾಡುಗಳಲ್ಲಿ ಹತ್ತನ್ನು ಧ್ವನಿಮುದ್ರಿಸಿ ಒಂದು ಆಲ್ಬಮ್ ಮಾಡಿಡಬೇಕೆಂದೂ ಹೇಳಿ, ಅದಕ್ಕೆ ಫಿಡಲ್ ನಾನೇ ನುಡಿಸಬೇಕೆಂದು ಕೇಳಿದರು. ಫಿಡಲ್ ನುಡಿಸಿ ನನಗೆ ಅಭ್ಯಾಸವಿಲ್ಲ, ನನ್ನದು ಮೈಸೂರಿನಲ್ಲಿ ಕಲಿತ ಪಿಟೀಲು ಎಂದೆ. ಆ ಫಿಡಲ್ ಎಂಬ ಪದವೇ ನಮ್ಮಲ್ಲಿ ಪಿಟೀಲು ಆಗಿದೆಯೆಂಬುದು ಅವರು ಹೊರಟುಹೋದ ಮೇಲೆ ನೆನಪಿಗೆ ಬಂತು.

ಹಾಡುಗಳನ್ನು ಆರಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಅವರ ಮೊದಲ ಪಟ್ಟಿಯಲ್ಲಿ ಮೂವತ್ತೊಂದು ಹಾಡುಗಳಿದ್ದವು. ಅವರ ನಿಯಮ ಸರಳವಾಗಿತ್ತು: ಹಾಡು ಹುಟ್ಟಿ ನಲವತ್ತು ವರ್ಷವಾಗಿರಬೇಕು, ಮತ್ತು ಅದರ ಎಲ್ಲ ಚರಣಗಳೂ ಅವರಿಗೆ ಪುಸ್ತಕ ನೋಡದೆ ಬಾಯಿಗೆ ಬರಬೇಕು. ಆ ನಿಯಮದಲ್ಲಿ ತೇರ್ಗಡೆಯಾದರೂ ಕೊನೆಗೆ ಬಿಟ್ಟುಹೋದದ್ದು 'ಕ್ರೇಜಿ'. ಅದನ್ನು ಬರೆದವರು ವಿಲ್ಲಿ ನೆಲ್ಸನ್. 1961ರ ಬೇಸಿಗೆಯಲ್ಲಿ ಕಾರು ಅಪಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಪ್ಯಾಟ್ಸಿ ಕ್ಲೈನ್ ಅದನ್ನು ಹಾಡಲು ನ್ಯಾಶ್‌ವಿಲ್‌ನ ಸ್ಟುಡಿಯೋಗೆ ಬಂದಾಗ ಪಕ್ಕೆಲುಬಿನ ನೋವಿನಿಂದ ಮೇಲಿನ ಸ್ವರಗಳು ಹತ್ತದೆ, ವಾದ್ಯಗಳನ್ನಷ್ಟೇ ಮುದ್ರಿಸಿಕೊಂಡು ಕಳುಹಿಸಿ, ಕೆಲವು ವಾರಗಳ ನಂತರ ಕರೆಸಿ ದನಿಯನ್ನು ಸೇರಿಸಿದರು. ನಮ್ಮ ನೆರೆಮನೆಯ ಹಿರಿಯರು ಅದನ್ನು ಮೂರು ಸಂಜೆ ಪ್ರಯತ್ನಿಸಿ, ನಾಲ್ಕನೆಯ ಸಂಜೆ ಪಟ್ಟಿಯಿಂದ ಹೊಡೆದುಹಾಕಿದರು. ಆ ಹಾಡನ್ನು ಆಕೆ ಹಾಡಿಯಾಗಿದೆ, ಇನ್ನೊಬ್ಬರು ಹಾಡುವುದಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ಅವರ ತೀರ್ಮಾನ. ಈ ಮಾತನ್ನು ಆಗ ನಾನು ಒಪ್ಪಲಿಲ್ಲ. ತ್ಯಾಗರಾಜರ ಕೃತಿಯನ್ನೋ ಪುರಂದರದಾಸರ ಪದವನ್ನೋ ಹಾಡುವವರನ್ನು ನಾವು ಕವರ್ ಮಾಡುವವರು, ಅಂದರೆ ಇನ್ನೊಬ್ಬರು ಹಾಡಿ ಮುದ್ರಿಸಿದ್ದನ್ನು ಮತ್ತೆ ಹಾಡುವವರು, ಎನ್ನುವುದಿಲ್ಲ. ನಮ್ಮಲ್ಲಿ ಇರುವುದು ಪಾಠಾಂತರ, ಯಾರ ಬಳಿ ಪಾಠವಾಯಿತು ಎಂಬ ಪ್ರಶ್ನೆ. ಒಬ್ಬರು ಚೆನ್ನಾಗಿ ಹಾಡಿದರೆಂದು ಕೃತಿಯ ಬಾಗಿಲು ಮುಚ್ಚಿಹೋಗುವುದು ನನ್ನ ತಿಳಿವಳಿಕೆಗೆ ಹೊಸದಾಗಿತ್ತು.

ಕಾನೂನಿನ ಕಾಗದಪತ್ರಗಳು ನನ್ನ ಪಾಲಿಗೆ ಬಂದವು, ಏಕೆಂದರೆ ಫಾರಂ ತುಂಬುವ ವಿದ್ಯೆಯಲ್ಲಿ ವಲಸೆ ಬಂದವರನ್ನು ಮೀರಿಸುವವರಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 115ನೇ ಸೆಕ್ಷನ್ನಿನ ಪ್ರಕಾರ, ಒಂದು ಹಾಡು ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ಧ್ವನಿಮುದ್ರಣಗೊಂಡು ಜನರ ಕೈಸೇರಿದ್ದರೆ, ಆಮೇಲೆ ಯಾರು ಬೇಕಾದರೂ ಅದನ್ನು ತಮ್ಮ ದನಿಯಲ್ಲಿ ಮುದ್ರಿಸಿ ಹಂಚಬಹುದು. ಅನುಮತಿಗಾಗಿ ಕಾಯಬೇಕಿಲ್ಲ, ನೋಟಿಸು ಕೊಟ್ಟು ನಿಗದಿಯಾದ ರಾಯಧನ ಕಟ್ಟಿದರೆ ಸಾಕು. 2024ರಲ್ಲಿ ಐದು ನಿಮಿಷ ಮೀರದ ಹಾಡಿಗೆ ಪ್ರತಿಯೊಂದಕ್ಕೆ 12.4 ಸೆಂಟ್ ದರವಿತ್ತು. ನಾವು ಮಾಡಿಸಬೇಕೆಂದಿದ್ದುದು ಮುನ್ನೂರು ಸಿಡಿ, ಆದ್ದರಿಂದ ಹಾಡೊಂದಕ್ಕೆ 37 ಡಾಲರ್ 20 ಸೆಂಟ್, ಒಂಬತ್ತು ಹಾಡುಗಳಿಗೆ 334 ಡಾಲರ್ 80 ಸೆಂಟ್, ಪರವಾನಗಿ ಏಜೆನ್ಸಿಯ ಸೇವಾ ಶುಲ್ಕ ಬೇರೆ. ಭಾರತದಲ್ಲಾದರೆ ನಮ್ಮಂಥವರಿಗೆ ಇದು ಆಗುವ ಮಾತಲ್ಲ: ನಮ್ಮ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಸೆಕ್ಷನ್ನಿನಂತೆ ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯಬೇಕೆಂಬುದಲ್ಲದೆ, ಹಂಚುವುದು ಮುನ್ನೂರೇ ಪ್ರತಿಯಾದರೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕೊಡಬೇಕು.

ಆದರೆ ಅಮೆರಿಕದ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ವಾಕ್ಯವಿದೆ. ಹಾಡುವವರ ಶೈಲಿಗೆ ಬೇಕಾದಷ್ಟು ಮಟ್ಟಿಗೆ ಹಾಡನ್ನು ಹೊಂದಿಸಿಕೊಳ್ಳಬಹುದು, ಅದರ ಮೂಲ ಮಟ್ಟನ್ನಾಗಲಿ ಸ್ವರೂಪವನ್ನಾಗಲಿ ಬದಲಾಯಿಸುವಂತಿಲ್ಲ. ನಾನು 'ಟೆನೆಸ್ಸೀ ವಾಲ್ಟ್ಸ್' ಹಾಡಿನ ಒಂದು ಚರಣವನ್ನು ಗುಟ್ಟಾಗಿ ಕನ್ನಡಕ್ಕೆ ತಂದಿಟ್ಟುಕೊಂಡಿದ್ದೆ. ಅದು ಮೂರು ಮಾತ್ರೆಯ ನಡೆಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಹಿರಿಯರಿಗೆ ಹಾಡಿ ತೋರಿಸುವ ದಿನಕ್ಕಾಗಿ ಕಾಯುತ್ತಿದ್ದೆ. ಅನುವಾದವೆಂದರೆ ಹೊಸ ಕೃತಿ, ಅದಕ್ಕೆ ಪ್ರಕಾಶಕರ ಪ್ರತ್ಯೇಕ ಒಪ್ಪಿಗೆ ಬೇಕು ಎಂದು ತಿಳಿದ ಮೇಲೆ ಆ ಹಾಳೆಯನ್ನು ಪಿಟೀಲಿನ ಪೆಟ್ಟಿಗೆಯಲ್ಲೇ ಬಿಟ್ಟೆ. ಈಗಲೂ ಅಲ್ಲೇ ಇದೆ.

ಫಾರಂಗಳನ್ನು ತುಂಬುವಾಗಲೇ ನಮ್ಮಿಬ್ಬರ ಅಜ್ಞಾನವೂ ಹೊರಬಿತ್ತು. 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಹಾಡಿಗೆ ಕರ್ತೃವಿನ ಜಾಗದಲ್ಲಿ ನಾನು ವಿಲ್ಲಿ ನೆಲ್ಸನ್ ಎಂದು ಬರೆದಿದ್ದೆ, ಹಿರಿಯರು ನೋಡಿ ಸರಿಯೆಂದು ತಲೆಯಾಡಿಸಿದ್ದರು. ವಾಸ್ತವದಲ್ಲಿ 1975ರಲ್ಲಿ ನೆಲ್ಸನ್ ಹಾಡಿ ಪ್ರಸಿದ್ಧಗೊಳಿಸಿದ ಆ ಹಾಡನ್ನು ಬರೆದವರು ಫ್ರೆಡ್ ರೋಸ್, 1940ರ ದಶಕದಲ್ಲಿಯೇ ಹಾಡಿದವರು ರಾಯ್ ಅಕಫ್. ಅಂದರೆ ನಾವು ಮೂಲವೆಂದು ತಿಳಿದು ಕಲಿಯುತ್ತಿದ್ದದ್ದೇ ಒಂದು ಕವರ್.

ಕಾಸು ಕಟ್ಟಬೇಕಿಲ್ಲದ ಹತ್ತನೆಯ ಹಾಡು 'ವೈಲ್ಡ್‌ವುಡ್ ಫ್ಲವರ್'. ಕಾರ್ಟರ್ ಕುಟುಂಬದವರು 1928ರಲ್ಲಿ ಮುದ್ರಿಸಿದ ಈ ಹಾಡು ಹುಟ್ಟಿದ್ದು ಅದಕ್ಕೂ ಮೊದಲು, 1860ರಲ್ಲಿ ಅಚ್ಚಾದ ಒಂದು ದಿವಾನಖಾನೆ ಗೀತೆಯಾಗಿ. ಅಚ್ಚಿನಿಂದ ಬಾಯಿಗೆ, ಬಾಯಿಯಿಂದ ಬಾಯಿಗೆ ಬೆಟ್ಟಗಾಡಿನಲ್ಲಿ ಅರವತ್ತು ಎಪ್ಪತ್ತು ವರ್ಷ ಸುತ್ತಿದ ಅದು ಕಾರ್ಟರ್ ಕುಟುಂಬದ ಕೈಗೆ ಬರುವ ಹೊತ್ತಿಗೆ ಅದರೊಳಗಿನ ಒಂದು ಹೂವಿನ ಹೆಸರು ಯಾವ ನಿಘಂಟಿನಲ್ಲೂ ಇಲ್ಲದ ಶಬ್ದವಾಗಿ ಮಾರ್ಪಟ್ಟಿತ್ತು, ಒಂದೆರಡು ಸಾಲುಗಳಿಗೆ ನೆಟ್ಟಗೆ ಅರ್ಥವೇ ಉಳಿದಿರಲಿಲ್ಲ. ಹಾಡಿನ ಹಳೆಯ ಮುದ್ರಿತ ಪಾಠವನ್ನು ನಾನು ಹುಡುಕಿ ತಂದು ಹಿರಿಯರ ಮುಂದಿಟ್ಟೆ. ತಿದ್ದಿ ಹಾಡಬಹುದಲ್ಲ, ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ ಎಂದೆ. ಅವರು ಓದಿ ನಕ್ಕು, ತಮ್ಮ ತಾಯಿ ಪಾತ್ರೆ ತೊಳೆಯುತ್ತ ಹಾಡುತ್ತಿದ್ದದ್ದು ಆ ಅರ್ಥವಿಲ್ಲದ ಶಬ್ದವನ್ನೇ, ತಾವು ಹಾಡುವುದೂ ಅದನ್ನೇ ಎಂದು ಕಾಗದ ಹಿಂದಿರುಗಿಸಿದರು. ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಅಜ್ಜಿಯೂ ದಾಸರ ಪದವೊಂದರಲ್ಲಿ ಮುದ್ರಿತ ಪುಸ್ತಕದಲ್ಲಿಲ್ಲದ ಪದವೊಂದನ್ನು ಹಾಡುತ್ತಿದ್ದರು, ಅದನ್ನು ತಿದ್ದುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೇ ತಿಂಗಳಲ್ಲಿ ಅಭ್ಯಾಸ ಶುರುವಾಯಿತು. ಡ್ರಮ್ಸ್, ಬಾಸ್, ಹಿರಿಯರ ಗಿಟಾರ್, ಮಲಗಿಸಿಟ್ಟು ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಪೆಡಲ್ ಸ್ಟೀಲ್ ಗಿಟಾರಿನ ವಾದಕರೊಬ್ಬರು, ಮತ್ತು ನಾನು. ಮೊದಲ ದಿನ ನನ್ನ ಮುಂದೆ ಇಟ್ಟ ಹಾಳೆಯಲ್ಲಿ ಸ್ವರಲಿಪಿ ಇರಲಿಲ್ಲ, 1, 4, 5, 1 ಎಂದು ಬರೀ ಅಂಕಿಗಳಿದ್ದವು. ಇದನ್ನು ನ್ಯಾಶ್‌ವಿಲ್ ಅಂಕಿ ಪದ್ಧತಿ ಎನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯಕವೃಂದದ ನೀಲ್ ಮ್ಯಾಥ್ಯೂಸ್ ತಮ್ಮ ಹಾಡುಗಾರರ ಅನುಕೂಲಕ್ಕೆ ಮಾಡಿಕೊಂಡದ್ದನ್ನು ಚಾರ್ಲಿ ಮೆಕಾಯ್ ಮೊದಲಾದ ವಾದಕರು ಬೆಳೆಸಿದರು. ಹಾಡಿನ ಆಧಾರಸ್ವರ ಯಾವುದಿದ್ದರೂ ಅದು 1. ಗಾಯಕನ ಗಂಟಲಿಗೆ ಎತ್ತರವಾಯಿತೆಂದು ಶ್ರುತಿ ಇಳಿಸಿದರೆ ಹಾಳೆಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನಮ್ಮ ಷಡ್ಜವೂ ಹೀಗೆಯೇ ತಾನೇ, ಹಾಡುವವರ ಜೊತೆ ಏರುತ್ತ ಇಳಿಯುತ್ತ ಹೋಗುವುದು, ಎಂದು ನಾನು ಹಿಗ್ಗಿದ್ದೇ ತಪ್ಪಾಯಿತು. 4 ಎಂದರೆ ಮಧ್ಯಮ, 5 ಎಂದರೆ ಪಂಚಮ ಎಂದುಕೊಂಡು ಆಯಾ ಸ್ವರವನ್ನೇ ಹಿಡಿದು ನಿಂತೆ. ಅಲ್ಲಿ 4 ಎಂದರೆ ಮಧ್ಯಮದ ಮೇಲೆ ಕಟ್ಟಿದ ಇಡೀ ಸ್ವರಗುಂಪು. ಆ ಗುಂಪಿನಲ್ಲಿ ಯಾವ ಸ್ವರವನ್ನು ಆಯ್ದುಕೊಳ್ಳಬೇಕೆಂಬುದು ನನ್ನ ಕಿವಿಗೆ ಬಿಟ್ಟದ್ದು. ಅಂಕಿಯ ಪಕ್ಕ ಅಡ್ಡಗೆರೆ ಬಂದರೆ ಮೈನರ್, ಅಂದರೆ ಗುಂಪಿನ ನಡುವಿನ ಸ್ವರ ಅರ್ಧಸ್ವರ ಇಳಿದದ್ದು; ಅಂಕಿಯ ಸುತ್ತ ವಜ್ರಾಕೃತಿ ಬರೆದಿದ್ದರೆ ಒಮ್ಮೆ ಮೀಟಿ ಇಡೀ ಆವರ್ತ ಮೊಳಗಲು ಬಿಡಬೇಕು. ಈ ಪಾಠವಾಗಲು ಒಂದು ವಾರ ಸಾಕಾಯಿತು.

ಶ್ರುತಿ ಕೂಡಿಸುವ ಪಾಠಕ್ಕೆ ಅಷ್ಟು ಬೇಗ ಮುಕ್ತಿಯಿರಲಿಲ್ಲ. ನಮ್ಮ ಪಿಟೀಲಿನ ನಾಲ್ಕು ತಂತಿಗಳು ಸ-ಪ-ಸ-ಪ. ಇಲ್ಲಿನದು ಜಿ-ಡಿ-ಎ-ಇ, ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮ. ನಾನು ಇದಕ್ಕಾಗಿಯೇ ಕೊಂಡ ಹಳೆಯ ಪಿಟೀಲಿನಲ್ಲಿ ಬೆರಳುಗಳು ಮೂವತ್ತು ವರ್ಷದ ಅಭ್ಯಾಸದಂತೆ ಹೋಗಿ ಮಧ್ಯದ ತಂತಿಗಳಲ್ಲಿ ದಾರಿ ತಪ್ಪುತ್ತಿದ್ದವು. ಜೂನ್ ತಿಂಗಳ ಒಂದು ದಿನ, 'ವೈಲ್ಡ್‌ವುಡ್ ಫ್ಲವರ್' ಅಭ್ಯಾಸದಲ್ಲಿ ಸತತ ನಾಲ್ಕನೆಯ ಬಾರಿ ಅಪಸ್ವರ ಹೊರಟಾಗ, ಸ್ಟೀಲ್ ಗಿಟಾರಿನವರು ಎದ್ದು ಬಂದು ನನ್ನ ಪಿಟೀಲನ್ನು ಕೇಳಿ ತೆಗೆದುಕೊಂಡು, ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಬಿಗಿದು ಎ-ಇ-ಎ-ಇ ಮಾಡಿ ಕೊಟ್ಟರು. ಅಪಲೇಶಿಯನ್ ಬೆಟ್ಟಗಳ ಹಳೆಯ ಫಿಡಲ್‌ಗಾರರು ಹೀಗೇ ಕೂಡಿಸಿಕೊಳ್ಳುತ್ತಿದ್ದರು, ತಮ್ಮ ತಾತನೂ ಹಾಗೇ ನುಡಿಸುತ್ತಿದ್ದರು, ಇದನ್ನು ಕ್ರಾಸ್ ಟ್ಯೂನಿಂಗ್ ಎನ್ನುತ್ತಾರೆ ಎಂದರು. ನಾನು ಕಮಾನು ಎಳೆದು ನೋಡಿದರೆ ಅದು ಸ-ಪ-ಸ-ಪ. ಒಬ್ಬನೇ ಹಳ್ಳಿಗಾಡಿನ ವಾದಕ ಹಾಡುವವರಿಲ್ಲದೆ ಕುಣಿತಕ್ಕೆ ನುಡಿಸುವಾಗ, ನುಡಿಸದ ತಂತಿಗಳೂ ಜೊತೆಗೆ ಮೊಳಗಿ ಶ್ರುತಿ ತುಂಬಲಿ ಎಂಬುದೇ ಅದರ ಉದ್ದೇಶ. ಯಾರಿಂದ ಯಾರೂ ಕಲಿಯದೆ ಎರಡು ಕಡೆಯ ಕಿವಿಗಳು ಒಂದೇ ಕಡೆ ಬಂದು ನಿಂತಿದ್ದವು. ಉಳಿದ ಒಂಬತ್ತು ಹಾಡುಗಳಿಗೆ ಇದು ಒದಗುವಂತಿರಲಿಲ್ಲ, ಅವುಗಳ ಸ್ವರಗುಂಪುಗಳು ಬೇರೆ ಬೇರೆ ಕಡೆ ಓಡಾಡುತ್ತವೆ. ಆದರೂ ಆ ಸಂಜೆ ನಾನು ಸಂಭ್ರಮದಿಂದ ಮನೆಗೆ ಬಂದೆ.

ಅದೇ ವಾರ ಅಂತರ ಗಾಂಧಾರದ ಜಗಳವೂ ಆಯಿತು. ತಂಬೂರಿಯಲ್ಲಿ ಕೇಳಿ ಕಲಿತ ನಮ್ಮ ಅಂತರ ಗಾಂಧಾರ, ಅಂದರೆ ಗಾಂಧಾರಗಳಲ್ಲಿ ಮೇಲಿನದು, ಗಿಟಾರಿನ ಮನೆಗಳಲ್ಲಿ ಸಿಗುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ. ಇಲ್ಲಿ ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು, ರಾಯಧನದ ಸೆಂಟ್ ಅಲ್ಲ. ಬೆಳಿಗ್ಗೆ ಒಂದು ಬಗೆಯ ಸೆಂಟಿನ ಲೆಕ್ಕ, ಸಂಜೆ ಇನ್ನೊಂದು ಬಗೆಯದು ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಧ್ವನಿಮುದ್ರಕ ಎಂಜಿನಿಯರ್ ಯಂತ್ರದ ಮುಳ್ಳನ್ನು ತೋರಿಸಿ ನಾನು ಕೆಳಗಿದ್ದೇನೆ ಎಂದರೆ, ಸ್ಟೀಲ್ ಗಿಟಾರಿನವರು ತಾವೂ ಗಾಂಧಾರವನ್ನು ಬೇಕೆಂದೇ ತುಸು ಕೆಳಗೆ ಕೂಡಿಸುವುದಾಗಿ ಹೇಳಿ ನನ್ನ ಪರ ನಿಂತರು. ಅಲ್ಲಿಂದ ಮುಂದೆ ನಾವಿಬ್ಬರೂ ಮಿತ್ರಪಕ್ಷ.

ಮುದ್ರಣ ನಡೆದದ್ದು ಜುಲೈನಲ್ಲಿ, ಗ್ಯಾರೇಜನ್ನು ಮಾರ್ಪಡಿಸಿದ ಸಣ್ಣ ಸ್ಟುಡಿಯೋದಲ್ಲಿ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಎಂದು ಮೂರು ಮೂರು ಗಂಟೆಗಳ ಸರದಿ ಈ ಊರಿನ ವಾದಕರ ಹಳೆಯ ರೂಢಿ. ನಾವೂ ಅದನ್ನೇ ಅನುಸರಿಸಿದೆವು. ನಾನು ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು ನುಡಿಸುವವನಾದ್ದರಿಂದ, ಅವರು ಒಂದು ಕಂಬಳಿ ಹಾಸಿ ಮೈಕನ್ನು ಮೊಣಕಾಲೆತ್ತರಕ್ಕೆ ಇಳಿಸಿದರು. ನಾನು ತಿಳಿಯದೆಯೇ ತೊಡೆಯ ಮೇಲೆ ಹಾಕುತ್ತಿದ್ದ ತಾಳ ಎರಡು ಹಾಡುಗಳ ಮುದ್ರಣವನ್ನು ಕೆಡಿಸಿತು.

ಅದಕ್ಕಿಂತ ದೊಡ್ಡ ತಪ್ಪು ನನಗೆ ಗೊತ್ತಾದದ್ದು ಮೊದಲ ದಿನದ ಸಂಜೆ. ಹ್ಯಾಂಕ್ ವಿಲಿಯಮ್ಸ್ 1949ರಲ್ಲಿ ಸಿನ್ಸಿನಾಟಿಯ ಸ್ಟುಡಿಯೋ ಒಂದರಲ್ಲಿ ಮುದ್ರಿಸಿದ 'ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ' ಹಾಡನ್ನು ನಾವು ಮುದ್ರಿಸಿ, ಎಲ್ಲರೂ ಕುಳಿತು ಕೇಳಿದೆವು. ನನ್ನ ಪಿಟೀಲು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಹಿರಿಯರು ಒಂದು ಸಾಲು ಹಾಡಿದರೆ ಅದರ ನೆರಳಿನಂತೆ ಹಿಂದೆಯೇ ಹೋಗುತ್ತಿತ್ತು, ಅವರು ಉಸಿರು ತೆಗೆದುಕೊಂಡರೆ ಅವರು ಹಾಡಿದ್ದನ್ನೇ ಮರಳಿ ಹೇಳುತ್ತಿತ್ತು, ಕೊನೆಯ ಚರಣದಲ್ಲಂತೂ ಸ್ವರವನ್ನು ನಡುಗಿಸುವ ಒಂದು ಕಂಪಿತವನ್ನೂ ಉದ್ದದ ಜಾರನ್ನೂ ಸೇರಿಸಿ ಅವರಿಗಿಂತ ಮೊದಲೇ ಅತ್ತು ಮುಗಿಸಿತ್ತು. ಪಕ್ಕವಾದ್ಯಗಾರನಿಗೆ ಇದು ಗುಣ; ಮುಖ್ಯ ಗಾಯಕರನ್ನು ಬಿಡದೆ ಅನುಸರಿಸು ಎಂದೇ ನನಗೆ ಪಾಠವಾದದ್ದು, ಕಛೇರಿಯಲ್ಲಿ ಹಾಗೆ ಮಾಡದಿದ್ದರೆ ಪಿಟೀಲು ನಿದ್ದೆ ಹೋಯಿತೇ ಎಂದು ಕೇಳುತ್ತಾರೆ. ಕಂಟ್ರಿ ಹಾಡಿನಲ್ಲಿ ಅದು ಮಾತನಾಡುವವನ ನಡುವೆ ಬಾಯಿ ಹಾಕಿದಂತೆ. ಯಾರೂ ನನ್ನನ್ನು ಟೀಕಿಸಲಿಲ್ಲ. ಎಂಜಿನಿಯರ್ ಮಾತ್ರ, ಪಿಟೀಲು ಬಹಳ ಚೆನ್ನಾಗಿದೆ, ಈಗ ಹಾಡನ್ನು ಎಲ್ಲಿಡೋಣ ಎಂದು ಕೇಳಿದ.

ಆ ರಾತ್ರಿ ಮೂಲ ಮುದ್ರಣವನ್ನು ಕಿವಿಗೆ ಹಚ್ಚಿಕೊಂಡು ಇಪ್ಪತ್ತು ಸಲ ಕೇಳಿದೆ. ಅದರಲ್ಲಿ ಫಿಡಲ್ ನುಡಿಸಿದವರು ಟಾಮಿ ಜಾಕ್ಸನ್, ಸ್ಟೀಲ್ ಗಿಟಾರ್ ಜೆರಿ ಬರ್ಡ್. ಅವರಿಬ್ಬರೂ ಗಾಯಕನ ದಾರಿಗೆ ಅಡ್ಡ ಬರುವುದೇ ಇಲ್ಲ. ಗಾಯಕ ಏನು ಹೇಳಿದನೋ ಅದರ ಮೇಲೆ ಇನ್ನೊಂದು ಮಾತು ಸೇರಿಸಬೇಕೆಂಬ ಹಂಬಲ ಆ ಕಮಾನಿಗೆ ಇಲ್ಲ. ಹಾಡಿನ ಸಾಹಿತ್ಯದಲ್ಲಿ ಹಕ್ಕಿ, ರೈಲು, ಚಂದ್ರ, ಎಲೆ ಇವೆಲ್ಲ ಬಂದು ಹೋಗುತ್ತವೆ, ದುಃಖಕ್ಕೆ ಕಾರಣ ಏನೆಂದು ಮಾತ್ರ ಅದು ಬಿಡಿಸಿ ಹೇಳುವುದಿಲ್ಲ. ಸ್ವರವನ್ನು ಅಲುಗಿಸುವ, ಜಾರಿಸುವ ಗಮಕಗಳಲ್ಲಿ ನಾನು ಮಾಡಲು ಹೊರಟಿದ್ದುದು ಆ ಹೇಳದೆ ಬಿಟ್ಟ ಕಾರಣವನ್ನು ವಿವರಿಸುವ ಕೆಲಸ. ಕಾಯ್ದೆಯ ಆ ವಾಕ್ಯದ ಪ್ರಕಾರ ನಾನು ಮಟ್ಟನ್ನು ಮುಟ್ಟಿರಲಿಲ್ಲ, ಸ್ವರೂಪವನ್ನು ಮುಟ್ಟಿದ್ದೆ.

ಮರುದಿನ ಸ್ಟೀಲ್ ಗಿಟಾರಿನವರೂ ನಾನೂ ಕಾಫಿ ಲೋಟಗಳನ್ನು ಹಿಡಿದು ಒಪ್ಪಂದ ಮಾಡಿಕೊಂಡೆವು: ಮೊದಲ ಚರಣದ ಸಂದುಗಳು ಅವರದು, ಎರಡನೆಯದರವು ನನ್ನದು, ಮೂರನೆಯದರಲ್ಲಿ ಇಬ್ಬರೂ ಇಲ್ಲ, ನಾಲ್ಕನೆಯದರಲ್ಲಿ ನನ್ನ ಎರಡು ತಂತಿಗಳ ಜೋಡಿಸ್ವರ. ಗಮಕಗಳನ್ನು ಒಂದೊಂದಾಗಿ ಬಿಡಿಸಿಹಾಕುವುದು ಒಗ್ಗರಣೆ ಹಾಕಿದ ಮೇಲೆ ಸಾಸಿವೆ ಆರಿಸಿದಂತಿತ್ತು. ಸ್ವರಕ್ಕೆ ಕೆಳಗಿನಿಂದ ಸಣ್ಣದಾಗಿ ಜಾರಿ ಬಂದು ನಿಲ್ಲುವುದು ಅವರಲ್ಲೂ ಉಂಟು. ನಿಂತ ಮೇಲೆ ಅಲುಗಾಡಬಾರದು, ಅಷ್ಟೇ ವ್ಯತ್ಯಾಸ. ನಿಂತ ಸ್ವರವನ್ನು ಅಲುಗಿಸದೆ ಇಡುವುದು ನನ್ನ ಎಡಗೈಗೆ ಎಷ್ಟು ಕಷ್ಟವೆಂಬುದು ನಮ್ಮ ಸಂಗೀತ ಕಲಿತವರಿಗೆ ಮಾತ್ರ ತಿಳಿದೀತು.

ಬಾಬ್ ವಿಲ್ಸ್ ತಂಡದ 'ಫೇಡೆಡ್ ಲವ್' ಹಾಡಿನಲ್ಲಿ ಫಿಡಲ್‌ಗಳು ಜೊತೆಜೊತೆಯಾಗಿ ನುಡಿಯಬೇಕು. ನಾನು ಒಬ್ಬನೇ ಮೊದಲು ಮಟ್ಟನ್ನೂ ಆಮೇಲೆ ಅದರ ಮೇಲಿನ ಮೂರನೆಯ ಸ್ವರದ ಸಾಲನ್ನೂ ನುಡಿಸಿ ಸೇರಿಸಿದೆ. ಅಲ್ಲಿ ಮಾತ್ರ ಫಿಡಲಿಗೆ ಬಾಯಿಬಿಡಲು ಅವಕಾಶ, ನಾನು ಅದನ್ನು ಚೆನ್ನಾಗಿಯೇ ಬಳಸಿಕೊಂಡೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಕೊನೆಯ ದಿನಕ್ಕೆ ಉಳಿದದ್ದು 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ'. ಜಾರ್ಜ್ ಜೋನ್ಸ್ 1980ರಲ್ಲಿ ಹಾಡಿದ ಇದರಲ್ಲಿ ಒಂದು ಚರಣವನ್ನು ಹಾಡುವುದಿಲ್ಲ, ವಾದ್ಯಗಳ ಮೇಲೆ ಮಾತಿನಲ್ಲಿ ಹೇಳುತ್ತಾರೆ. ಇದು ತೀರ ಶೋಕದ ಹಾಡು, ಯಾರೂ ಕೊಳ್ಳುವುದಿಲ್ಲ ಎಂಬುದು ಜೋನ್ಸ್ ಅವರ ಅಭಿಪ್ರಾಯವಾಗಿತ್ತು. ಮದ್ಯದ ಹಿಡಿತದಲ್ಲಿದ್ದ ಅವರಿಂದ ಆ ನಾಲ್ಕು ಮಾತುಗಳನ್ನು ಸ್ಪಷ್ಟವಾಗಿ ಹೇಳಿಸುವುದು ನಿರ್ಮಾಪಕ ಬಿಲ್ಲಿ ಶೆರಿಲ್ ಅವರಿಗೆ ಬಹುಕಾಲದ ಶ್ರಮವಾಯಿತು. ನಮ್ಮ ಹಿರಿಯರಿಗೆ ಮದ್ಯದ ತೊಂದರೆಯಿರಲಿಲ್ಲ, ಗಂಟಲಿನದಿತ್ತು. ಹಾಡುವಾಗ ಹೇಗೋ ಒದಗುತ್ತಿದ್ದ ದನಿ ಮಾತಿಗೆ ಇಳಿದಾಗ ಒಡೆಯುತ್ತಿತ್ತು. ಹನ್ನೊಂದು ಸಲ ಮುದ್ರಿಸಿದೆವು. ಆ ಚರಣದ ಉದ್ದಕ್ಕೂ ನನಗೆ ಕೊಟ್ಟ ಕೆಲಸ ಒಂದೇ ಸ್ವರವನ್ನು, 1 ಅನ್ನು, ಕಮಾನು ತಿರುಗಿದ್ದು ಕೇಳಿಸದಂತೆ ಎಳೆದು ಹಿಡಿಯುವುದು. ಶ್ರುತಿಪೆಟ್ಟಿಗೆಯ ಕೆಲಸ. ಹನ್ನೊಂದನೆಯ ಸಲ ಅವರ ದನಿ ಒಂದು ಕಡೆ ಒಡೆಯಿತು. ಅದನ್ನು ಹಾಗೇ ಇಟ್ಟುಕೊಂಡೆವು.

ಆಲ್ಬಮ್ ಒಟ್ಟು ಮೂವತ್ತನಾಲ್ಕು ನಿಮಿಷ. ಸೆಪ್ಟೆಂಬರಿನಲ್ಲಿ ಸಿಡಿಗಳ ಪೆಟ್ಟಿಗೆಗಳು ಬಂದ ಮೇಲೆ ಕುಳಿತು ಲೆಕ್ಕ ಹಾಕಿದರೆ ಅದರಲ್ಲಿ ನನ್ನ ಪಿಟೀಲು ಕೇಳಿಸುವುದು ಒಂಬತ್ತು ನಿಮಿಷಕ್ಕೂ ಕಡಿಮೆ. ಮೈಸೂರಿನಲ್ಲಿರುವ ನನ್ನ ಗುರುಗಳಿಗೆ ಹಾಡುಗಳನ್ನು ಮೊಬೈಲಿಗೆ ಕಳುಹಿಸಿ, ಎರಡು ದಿನ ಬಿಟ್ಟು ಫೋನು ಮಾಡಿದೆ.

"ಕೇಳಿದ್ರಾ ಮೇಷ್ಟ್ರೇ?"

"ಕೇಳಿದೆನಪ್ಪ. ನೀನು ಎಲ್ಲಿ ನುಡಿಸಿದ್ದೀಯೋ ಅಂತ ಹುಡುಕ್ತಾ ಇದ್ದೆ."

ಎರಡನೆಯ ಚರಣದ ಕೊನೆಯಲ್ಲಿ ಬರುತ್ತದೆ ಎಂದೆ. ಆ ಮುದುಕರು ಸಾಹಿತ್ಯ ಚೆನ್ನಾಗಿ ಹೇಳುತ್ತಾರೆ, ಯಾರ ಹತ್ತಿರ ಪಾಠವಾಯಿತು ಎಂದು ಕೇಳಿದರು. ರೇಡಿಯೋ ಕೇಳಿ ಕಲಿತದ್ದು, ಒಂದು ಹಾಡು ಮಾತ್ರ ತಾಯಿಯಿಂದ ಎಂದೆ. ಹೂಂ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಹ್ಯಾಂಕ್ ವಿಲಿಯಮ್ಸರ ಹಾಡಿನ ಮೊದಲ ಸಾಲನ್ನು ತಮ್ಮ ಶ್ರುತಿಗೆ ಇಳಿಸಿಕೊಂಡು, ಪದಗಳಿಲ್ಲದೆ, ಗಾಂಧಾರವನ್ನು ನಿಧಾನವಾಗಿ ಅಲುಗಿಸುತ್ತ ಗುನುಗಿದರು; ಹೀಗೇ ತಾನೇ ಅದು, ಎಂದರು. ಹೌದು ಮೇಷ್ಟ್ರೇ, ಎಂದೆ.